ಸೀಸೆಗೆ ಸೇರುವ ಹಣ್ಣನ್ನು ಬೀಜದಲ್ಲೇ ಆರಿಸಬೇಕು

ಮೈಸೂರಿನ ದೇವರಾಜ ಮೊಹಲ್ಲಾದ ಹಳೆಯ ದೇವರಾಜ ಮಾರುಕಟ್ಟೆಯಲ್ಲಿ ಟೊಮೆಟೊ ಕೊಳ್ಳುವವರ ಬಾಯಲ್ಲಿ ಸಾಮಾನ್ಯವಾಗಿ ಎರಡೇ ಹೆಸರು: ನಾಟಿ ಮತ್ತು ಫಾರಂ. ನಾಟಿ ಹಣ್ಣು ಹುಳಿ, ರಸಭರಿತ, ಸಾರಿಗೆ ಶ್ರೇಷ್ಠ. ಫಾರಂ ಹಣ್ಣು ಗಟ್ಟಿ. ದೂರದ ಸಾಗಣೆಯನ್ನು ತಾಳುತ್ತದೆ. ಆದರೆ ಬೇಯಿಸಿ, ಸೀಸೆಯಲ್ಲಿ ಮುಚ್ಚಿ, ಮಳೆಗಾಲಕ್ಕೆ ಕಾಪಿಡಲು ತಕ್ಕ ಹಣ್ಣು ಯಾವುದು? ಈ ಪ್ರಶ್ನೆಯನ್ನು ಬೀಜ ಬಿತ್ತುವ ಮೊದಲೇ ಕೇಳಿಕೊಳ್ಳಬೇಕು.

2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದ ಟೊಮೆಟೊ ಬೆಲೆ ಸೆಪ್ಟೆಂಬರ್ ಹೊತ್ತಿಗೆ ನೆಲಕಚ್ಚಿತು. ಏರಿದಾಗ ಕೊಳ್ಳುವವರಿಗೆ ಸಂಕಟ, ಇಳಿದಾಗ ಬೆಳೆದವರಿಗೆ. ಹಿತ್ತಲ ಫಸಲನ್ನು ಸೀಸೆಗೆ ತುಂಬಿಟ್ಟ ಕುಟುಂಬಕ್ಕೆ ಈ ಏರಿಳಿತದ ಪೆಟ್ಟು ಅಷ್ಟಾಗಿ ತಾಗದು.

ಗುಡ್ಡಗಾಡಿನ ಹಳ್ಳಿಗಳಲ್ಲಿ ಇದು ಕಾಡಿನ ಪ್ರಶ್ನೆಯೂ ಹೌದು. ನೀರು ಹೆಚ್ಚಿರುವ ಹಣ್ಣನ್ನು ಗಟ್ಟಿ ರಸವಾಗಿಸಲು ಬಹಳ ಹೊತ್ತು ಕುದಿಸಬೇಕು. ಅಷ್ಟು ಸೌದೆ ಉರಿಯುತ್ತದೆ. ತಿರುಳು ದಪ್ಪಗಿದ್ದು ಬೀಜ, ರಸ ಕಡಿಮೆಯಿರುವ ತಳಿ ಬೇಗ ಗಟ್ಟಿಯಾಗುತ್ತದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೌರಭ್ ಇಂಥದ್ದು. ಅಡುಗೆಗೂ ಸಂಸ್ಕರಣೆಗೂ ಒದಗುತ್ತದೆ. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆಯಬಲ್ಲದು ನಿಜ. ಆದರೆ ಅದು ಸಂಕರ ತಳಿ, ಅದರ ಬೀಜ ಕಟ್ಟಿಟ್ಟರೆ ತಾಯಿಯ ಗುಣ ಉಳಿಯದು. ಶುದ್ಧ ತಳಿಯಾದರೆ, ಉತ್ತಮ ಗಿಡದ ಮಾಗಿದ ಹಣ್ಣಿನ ಬೀಜವನ್ನು ರಸದೊಡನೆ ಎರಡು ಮೂರು ದಿನ ಹುಳಿಯಿಸಿ, ತೊಳೆದು, ನೆರಳಲ್ಲಿ ಒಣಗಿಸಿಟ್ಟರೆ ಮರುವರ್ಷದ ಬಿತ್ತನೆ ಕೈಯಲ್ಲೇ ಇರುತ್ತದೆ.

ಜಡಿಮಳೆಯಲ್ಲಿ ಅಂಗಮಾರಿ ತಪ್ಪದು. ಆದ್ದರಿಂದ ಮಲೆನಾಡಿನಲ್ಲಿ ಮಳೆ ಹಿಂದೆಗೆದ ಮೇಲೆ ನೆಡುವುದು ಲೇಸು. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಮಡಿಯಲ್ಲೇ ಮತ್ತೆ ಟೊಮೆಟೊ ನೆಟ್ಟರೆ ಸೊರಗು ರೋಗಕ್ಕೆ ಆಹ್ವಾನವಿತ್ತಂತೆ.

ತಳಿ ಯಾವುದೇ ಇರಲಿ, ಹುಳಿಯ ವಿಷಯದಲ್ಲಿ ನಾಲಿಗೆಯನ್ನು ನಂಬಲಾಗದು. ಪಿಹೆಚ್ 4.6ಕ್ಕಿಂತ ಮೇಲಿದ್ದರೆ ಗಾಳಿಯಾಡದ ಸೀಸೆಯಲ್ಲಿ ಬಾಟುಲಿನಂ ಎಂಬ ಸೂಕ್ಷ್ಮಾಣು ಮಾರಕ ವಿಷ ಉಂಟುಮಾಡಬಲ್ಲದು; ಬಣ್ಣ, ವಾಸನೆ ಬದಲಾಗದೆಯೂ ಇರಬಹುದು. ಟೊಮೆಟೊ ಈ ಗಡಿಯ ಆಚೀಚೆಯೇ ಇರುವ ಹಣ್ಣು. ಆದ್ದರಿಂದ ಅರ್ಧ ಲೀಟರ್ ಸೀಸೆಗೆ ಕಾಲು ಟೀ ಚಮಚ ಸಿಟ್ರಿಕ್ ಆಮ್ಲ ಬೆರೆಸಲೇಬೇಕು. ಸಿಪ್ಪೆ ತೆಗೆದು, ಹಿಚುಕಿ, ಕುದಿಸಿದ ಬಿಸಿ ಹಣ್ಣನ್ನು ಇದಕ್ಕೆಂದೇ ತಯಾರಾದ ಸೀಸೆಗೆ ತುಂಬಿ ಮುಚ್ಚಳ ಹಾಕಿ, ಕುದಿವ ನೀರಿನಲ್ಲಿ ಪೂರ್ತಿ ಮುಳುಗಿಸಿಡಬೇಕು. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಅದಕ್ಕಾಗಿ ಮೈಸೂರಿನಲ್ಲಿ 40 ನಿಮಿಷ ಸಾಕಾದರೆ, ಸಾವಿರ ಮೀಟರ್ ದಾಟಿದ ಮಡಿಕೇರಿಯಲ್ಲಿ 45 ನಿಮಿಷ ಬೇಕು. ಬೆಟ್ಟದ ಮನೆಗಳಲ್ಲಿ ಈ ಐದು ನಿಮಿಷ ಕಡೆಗಣಿಸುವಂಥದ್ದಲ್ಲ.

ಇಂಥ ತಿಳಿವು ದೊಡ್ಡ ಕಾರ್ಖಾನೆಗಳ ಸ್ವತ್ತಾಗಿ ಉಳಿಯಬೇಕಿಲ್ಲ. 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಮೈಸೂರಿನಲ್ಲೇ ಇದೆ. ಊರಿನ ಸ್ತ್ರೀಶಕ್ತಿ ಸಂಘಗಳು, ಶಾಲೆಗಳು ಅಲ್ಲಿನ ತಜ್ಞರನ್ನು ಕೇಳಿ ಕಲಿಯಲಿ. ಊರಿಗೊಂದು ಟೊಮೆಟೊ ಮಡಿ, ಊರಿಗೊಂದು ಬೀಜದ ಕುಡಿಕೆ ಇರಲಿ. ಬೀಜವನ್ನೂ ರುಚಿಯನ್ನೂ ಪೇಟೆಗೆ ಒಪ್ಪಿಸಿ, ಬೆಲೆ ಏರಿತೆಂದು ಕೊರಗಿದರೆ ಫಲವೇನು?