ಬಣ್ಣ ದೊಡ್ಡೋರದ್ದು, ಹೊಣೆ ಯಾರದ್ದು?

2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿ ಮೇಲೆ ವಿಮಾನ ಇಳಿಸಿ 155 ಜನರನ್ನೂ ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್ ನಮ್ಮ ಟೀವಿಗಳಲ್ಲೂ ಹೀರೋ ಆದರು. ಅದಾಗಿ ತಿಂಗಳು ತುಂಬೋಕೂ ಮೊದಲೇ, ಫೆಬ್ರವರಿ 12ರ ರಾತ್ರಿ, ನೆವಾರ್ಕಿನಿಂದ ಬಫಲೋಗೆ ಹೊರಟಿದ್ದ ಇನ್ನೊಂದು ವಿಮಾನ ಇಳಿಯೋ ಹೊತ್ತಿಗೆ ಒಂದು ಮನೆ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಸಾವು. ಇದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಸತ್ತವರ ಟಿಕೆಟ್ ಮೇಲೆ ಕಾಂಟಿನೆಂಟಲ್ ಅಂತಿತ್ತು. ವಿಮಾನದ ಮೈಮೇಲೆ ಕಾಂಟಿನೆಂಟಲ್ ಬಣ್ಣ. ಆದರೆ ಓಡಿಸಿದ್ದು ಕೋಲ್ಗನ್ ಏರ್ ಅನ್ನೋ ಬೇರೆ ಕಂಪನಿ. ಅದರ ಹೆಸರನ್ನು ಪ್ರಯಾಣಿಕರಲ್ಲಿ ಎಷ್ಟೋ ಜನ ಕೇಳಿಯೇ ಇರಲಿಕ್ಕಿಲ್ಲ.

ತನಿಖೆಯಲ್ಲಿ ಹೊರಬಿದ್ದ ಸಂಗತಿಗಳನ್ನು ನೋಡಿ. ತಪ್ಪು ಕ್ಯಾಪ್ಟನ್ನದೇ, ಅದರಲ್ಲಿ ಅನುಮಾನ ಇಲ್ಲ. ವೇಗ ಕಮ್ಮಿಯಾಗಿ ಕೈಯಲ್ಲಿದ್ದ ಕಂಟ್ರೋಲ್ ಅಲುಗಾಡಿ ಎಚ್ಚರಿಸಿದಾಗ ಮುಂದಕ್ಕೆ ತಳ್ಳಬೇಕಿತ್ತು, ಅವರು ಹಿಂದಕ್ಕೆ ಎಳೆದರು. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್ 24 ವರ್ಷದ ಹುಡುಗಿ. ಕೆಲಸ ನೆವಾರ್ಕಿನಲ್ಲಿ, ಮನೆ ದೇಶದ ಇನ್ನೊಂದು ತುದಿಯ ಸಿಯಾಟಲ್ ಹತ್ತಿರ, ಅಪ್ಪ ಅಮ್ಮನ ಜೊತೆ. ಹಿಂದಿನ ರಾತ್ರಿಯಿಡೀ ಸರಕು ವಿಮಾನದಲ್ಲಿ ಕೂತು ಮೆಂಫಿಸ್ ಮೇಲಾಗಿ ಕೆಲಸಕ್ಕೆ ಬಂದಿದ್ದಳು, ಅದೂ ನೆಗಡಿ ಹಿಡಿದುಕೊಂಡು. ಕ್ಯಾಪ್ಟನ್ ರಾತ್ರಿ ಕಳೆದದ್ದು ಏರ್‌ಪೋರ್ಟಿನ ಸಿಬ್ಬಂದಿ ಕೋಣೆಯಲ್ಲಿ. ಆ ಹುಡುಗಿಯ ಸಂಬಳ ವರ್ಷಕ್ಕೆ 16 ಸಾವಿರ ಡಾಲರ್ ಆಸುಪಾಸು.

ತಕ್ಷಣ ನಮ್ಮೋರು ಗುಣಿಸ್ತಾರೆ. ಆಗಿನ ಡಾಲರ್ ದರದಲ್ಲೇ ತಿಂಗಳಿಗೆ ಅರವತ್ತು ಸಾವಿರ ರೂಪಾಯಿ ದಾಟುತ್ತಿತ್ತಲ್ಲ ಮಾರಾಯ, ಕಮ್ಮೀನಾ ಅಂತ. ನ್ಯೂಜೆರ್ಸಿಯಲ್ಲಿ ಇದ್ದು ಬಂದ ನಮ್ಮ ಹುಡುಗರನ್ನೇ ಕೇಳಿ, ಒಂದು ರೂಮಿನ ಮನೆಗೆ ಬಾಡಿಗೆ ಎಷ್ಟು ಕೊಟ್ರು ಅಂತ. ಆ ದುಡ್ಡಲ್ಲಿ ನೆವಾರ್ಕಿನಲ್ಲಿ ಮನೆ ಹಿಡಿದು, ಪೈಲಟ್ ತರಬೇತಿಗೆ ಮಾಡಿದ ಸಾಲದ ಕಂತು ಕಟ್ಟಿ, ಊಟ ಮಾಡೋಕೆ ಆಗಲ್ಲ.

ಈ ವ್ಯವಹಾರ ನಡೆಯೋದು ಹೀಗೆ. ನಮ್ಮ ಕಡೆ ರಸ್ತೆ ಟೆಂಡರು ಒಬ್ಬ ದೊಡ್ಡ ಕಂಟ್ರಾಕ್ಟರ್ ಹೆಸರಲ್ಲಿ ಆಗುತ್ತೆ, ಡಾಂಬರು ಹಾಕೋನು ಅವನ ಕೆಳಗಿನ ಇನ್ಯಾರೋ. ಅಮೆರಿಕದ ದೊಡ್ಡ ವಿಮಾನ ಕಂಪನಿಗಳೂ ಸಣ್ಣ ದೂರದ ಹಾರಾಟಗಳನ್ನು ಹೀಗೇ ಉಪಗುತ್ತಿಗೆಗೆ ಕೊಟ್ಟಿವೆ. ಆ ಹೊತ್ತಿಗೆ ದೇಶದೊಳಗಿನ ಹಾರಾಟಗಳಲ್ಲಿ ಹೆಚ್ಚೂಕಮ್ಮಿ ಅರ್ಧ ಇಂಥವೇ ಆಗಿದ್ದವು. ಟಿಕೆಟ್ ಮಾರೋದು, ದರ ಇಡೋದು, ವೇಳಾಪಟ್ಟಿ ಹಾಕೋದು ದೊಡ್ಡೋರು. ಹಾರಾಟಕ್ಕಿಷ್ಟು ಅಂತ ಸಣ್ಣವರಿಗೆ ಕೊಡ್ತಾರೆ, ಸಾಮಾನ್ಯವಾಗಿ ಇಂಧನದ ಖರ್ಚೂ ದೊಡ್ಡವರದೇ. ಹಾಗಾದರೆ ಮುಂದಿನ ಸಲ ಕಮ್ಮಿ ರೇಟು ಹೇಳಿ ಕೆಲಸ ಹಿಡಿಯೋಕೆ ಸಣ್ಣ ಕಂಪನಿ ಹಿಂಡೋದು ಎಲ್ಲಿ? ಸಂಬಳದಲ್ಲಿ. ಹತ್ತು ವರ್ಷ ಕೆಲಸ ಮಾಡಿ ಅನುಭವ ಬಂದ ಪೈಲಟ್ ಅವರ ಲೆಕ್ಕದಲ್ಲಿ ಆಸ್ತಿ ಅಲ್ಲ, ಖರ್ಚು. ಡೆಲ್ಟಾದ ಸ್ವಂತದ್ದೇ ಆಗಿದ್ದ ಕಾಮ್‌ಏರ್‌ನ ಪೈಲಟ್‌ಗಳು 2001ರಲ್ಲಿ 89 ದಿನ ಮುಷ್ಕರ ಮಾಡಿ ಒಳ್ಳೆ ಸಂಬಳ ಪಡೆದರು. ಆಮೇಲೆ ಕಂಪನಿ ಸೊರಗುತ್ತಾ ಹೋಗಿ, ಖರ್ಚು ಜಾಸ್ತಿ ಅನ್ನೋ ಕಾರಣ ಹೊತ್ತು 2012ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕ್ತು. ಬೇರೆ ಸಣ್ಣ ಕಂಪನಿಗಳ ಪೈಲಟ್‌ಗಳಿಗೆ ಇದಕ್ಕಿಂತ ಸ್ಪಷ್ಟವಾದ ನೋಟೀಸು ಬೇಕಿರಲಿಲ್ಲ.

ಇದು ಕೆಳಗಿನವರ ಪಾಡು. ಮೇಲಿನವರದು ಬೇರೆ ಕಥೆ, ಅದರ ಹೆಸರು ಫರ್ಲೋ. ಕೆಲಸದಿಂದ ತೆಗೆದಂತಲ್ಲ. ಸಂಬಳ ಇಲ್ಲ, ಮನೇಲಿರು, ಬೇಕಾದಾಗ ಕರೀತೀವಿ ಅನ್ನೋದು. ನಮ್ಮ ಕಂಪನಿಗಳ ಬೆಂಚ್ ಥರ ಅಂದ್ಕೋಬೇಡಿ, ಬೆಂಚಲ್ಲಿ ಕೂತೋರಿಗೆ ಕೆಲವು ತಿಂಗಳಾದರೂ ಸಂಬಳ ಬರುತ್ತೆ. ವಿಮಾನ ಕಂಪನಿಗಳಲ್ಲಿ ಎಲ್ಲವೂ ಸೀನಿಯಾರಿಟಿ ನಂಬರಿನ ಮೇಲೆ. ಕೊನೆಗೆ ಸೇರಿದವನು ಮೊದಲು ಹೊರಗೆ. ಸೊಸೈಟಿ ಮುಂದೆ ಸೀಮೆಎಣ್ಣೆ ಸಾಲಲ್ಲಿ ನಿಂತೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಬೇರೆ ಕಂಪನಿಗೆ ಹೋದರೆ, ನೀವು ಇಪ್ಪತ್ತು ವರ್ಷದ ಕ್ಯಾಪ್ಟನ್ ಆಗಿದ್ರೂ, ಸಾಲಿನ ಬಾಲದಲ್ಲೇ ನಿಲ್ಲಬೇಕು.

2001ರ ಸೆಪ್ಟೆಂಬರ್ 11ರ ನಂತರ ಸಾವಿರಾರು ಪೈಲಟ್‌ಗಳನ್ನು ಹೀಗೆ ಮನೆಗೆ ಕಳಿಸಿದ್ರು. ಯುನೈಟೆಡ್ 2002ರಲ್ಲಿ ದಿವಾಳಿ ಅರ್ಜಿ ಹಾಕಿ, 2005ರಲ್ಲಿ ನೌಕರರ ಪಿಂಚಣಿ ಯೋಜನೆಗಳನ್ನೇ ಕೈಬಿಡ್ತು. 2008ರಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದಾಗ ಅದೇ ಯುನೈಟೆಡ್ 100 ವಿಮಾನ ನಿಲ್ಲಿಸಿತು, ತನ್ನಲ್ಲಿದ್ದ ಅಷ್ಟೂ 737ಗಳೂ ಅದರಲ್ಲಿ ಸೇರಿದ್ದವು. 1,400ಕ್ಕೂ ಹೆಚ್ಚು ಪೈಲಟ್‌ಗಳಿಗೆ ಫರ್ಲೋ. ಎಷ್ಟೋ ಜನಕ್ಕೆ ಇದು ಎರಡನೇ ಸಲ. ಅವರು ಮನೇಲಿ ಕೂತಿದ್ದಾಗ ಯುನೈಟೆಡ್ ಎಕ್ಸ್‌ಪ್ರೆಸ್ ಅಂತ ಬರೆದುಕೊಂಡ ಬೇರೆಯವರ ವಿಮಾನಗಳು ಹಾರ್ತಾನೇ ಇದ್ದವು. ಕಾಲ ಕೆಟ್ಟಿತ್ತು, ಒಪ್ಪೋಣ. ಕೆಟ್ಟ ಕಾಲದಲ್ಲೂ ಬಾಗಿಲು ಎಲ್ಲರಿಗೂ ಒಂದೇ ಥರ ಮುಚ್ಚಲಿಲ್ಲ ಅನ್ನೋದು ನನ್ನ ತಕರಾರು.

ಇಲ್ಲಿ ಪೈಲಟ್ ಸಂಘದವರನ್ನೂ ಬಿಡೋ ಹಾಗಿಲ್ಲ. ಹೊರಗಿನವರು ಎಷ್ಟು ಸೀಟಿನ ವಿಮಾನದವರೆಗೆ ಓಡಿಸಬಹುದು ಅಂತ ಅವರ ಒಪ್ಪಂದದಲ್ಲಿ ಒಂದು ಬೇಲಿ ಇರುತ್ತೆ, ಸ್ಕೋಪ್ ಅಂತಾರೆ. ಒಂದು ಕಾಲಕ್ಕೆ 50 ಸೀಟಿನ ಜೆಟ್ ಬಂದಾಗ, ಆ ಪುಟಾಣಿ ವಿಮಾನ ನಮಗ್ಯಾಕೆ, ನಮ್ಮ ಸಂಬಳ ಏರಿಸಿ ಸಾಕು ಅಂದೋರು ದೊಡ್ಡ ಕಂಪನಿ ಪೈಲಟ್‌ಗಳೇ. ಬೇಲಿ 50ರಿಂದ 70ಕ್ಕೆ, 70ರಿಂದ 76ಕ್ಕೆ ಜರುಗ್ತಾ ಬಂತು. ಯುಎಸ್ ಏರ್‌ವೇಸ್‌ನಲ್ಲಂತೂ ಬೇಲಿ ಸಡಿಲಿಸೋಕೆ ಪ್ರತಿಯಾಗಿ, ಫರ್ಲೋ ಆದವರಿಗೆ ಸಣ್ಣ ಕಂಪನಿಗಳ ಹೊಸ ಜೆಟ್‌ಗಳಲ್ಲಿ ಅರ್ಧ ಕೆಲಸ ಕೊಡ್ತೀವಿ ಅಂತ ಒಂದು ಏರ್ಪಾಡು ಮಾಡಿದ್ರು. ಅಂದ್ರೆ ಅಲ್ಲಿ ಆಗಲೇ ಕಾದು ನಿಂತಿದ್ದ ಹುಡುಗರನ್ನು ಪಕ್ಕಕ್ಕೆ ಸರಿಸಿ. ಮೇಲಿನವರೂ ಕೆಳಗಿನವರೂ ಬಹುಪಾಲು ಒಂದೇ ಸಂಘದ ಸದಸ್ಯರು ಅನ್ನೋದು ಇನ್ನೂ ತಮಾಷೆ. ಕಾಮ್‌ಏರ್ ಪೈಲಟ್‌ಗಳು ಕೊನೆಗೆ ತಮ್ಮದೇ ಸಂಘದ ಮೇಲೆ ಕೋರ್ಟಿಗೆ ಹೋದರು. ಕಂಪನಿಯ ಯಜಮಾನರು ಕಾಫಿ ಕುಡೀತಾ ಇದನ್ನೆಲ್ಲ ನೋಡ್ತಾ ಇದ್ದಿರಬೇಕು.

ಇದನ್ನು ಹೇಳಿದಾಗೆಲ್ಲ ಗೆಳೆಯರು ಕಾಲೆಳೀತಾರೆ: ಹೊರಗುತ್ತಿಗೆಯ ಅನ್ನ ತಿನ್ನೋನು ನೀನು, ನಿನಗ್ಯಾಕಪ್ಪ ಈ ಮಾತು? ಹೌದು, ತಿಂತಿರೋದು ಅದೇ ಅನ್ನ. ಅದಕ್ಕೇ ಸ್ವಲ್ಪ ಗೊತ್ತು. ಬೆಂಗಳೂರಿನ ಎಂಜಿನಿಯರು ಅಗ್ಗ ಯಾಕೆ ಅಂದ್ರೆ ಇಲ್ಲಿನ ಬಾಡಿಗೆ, ಅಕ್ಕಿ, ಮಕ್ಕಳ ಸ್ಕೂಲ್ ಫೀಸು ಅಲ್ಲಿಗಿಂತ ಅಗ್ಗ. ಕೋಲ್ಗನ್ ಪೈಲಟ್ಟೂ ಕಾಂಟಿನೆಂಟಲ್ ಪೈಲಟ್ಟೂ ಹಾಲು ತರ್ತಿದ್ದದ್ದು ಒಂದೇ ದೇಶದ ಅಂಗಡಿಯಿಂದ. ಏರ್‌ಪೋರ್ಟ್ ಒಂದು, ಮಂಜು ಒಂದು, ಹತ್ತೋ ಪ್ರಯಾಣಿಕರೂ ಅವರೇ. ಇಬ್ಬರ ಸಂಬಳದ ನಡುವಿನ ಅಂತರಕ್ಕೆ ಒಳ್ಳೆ ಪಾಲು ಆಧಾರ ಚೀಟಿ ಮೇಲಿನ ಕಂಪನಿ ಹೆಸರು ಮಾತ್ರ. ನಮ್ಮಲ್ಲೂ ಇಂಥದ್ದು ಇದೆ. ಒಂದೇ ಸಾಲಿನ ಮೇಜು, ಒಂದೇ ಕೆಲಸ, ಒಬ್ಬನ ಕೊರಳಲ್ಲಿ ಕಂಪನಿ ಬ್ಯಾಡ್ಜು, ಪಕ್ಕದವನ ಕೊರಳಲ್ಲಿ ವೆಂಡರಿನ ವೆಂಡರಿನ ಬ್ಯಾಡ್ಜು. ನಾವು ಅದನ್ನು ದಿನಾ ನೋಡಿಯೂ ಸುಮ್ಮನಿದ್ದೀವಿ. ನಮ್ಮ ಕೋಡು ಬಿದ್ದರೆ ರಾತ್ರಿ ಎದ್ದು ರೀಸ್ಟಾರ್ಟ್ ಮಾಡಿದ್ರೆ ಮುಗೀತು ಅನ್ನೋ ಧೈರ್ಯ ಇರಬೇಕು.

ಇನ್ನೊಂದು ವಾದ, ಹೀಗೆ ಮಾಡದಿದ್ರೆ ಟಿಕೆಟ್ ದುಬಾರಿ ಆಗುತ್ತೆ, ಸಣ್ಣ ಊರುಗಳಿಗೆ ವಿಮಾನ ಬರಲ್ಲ ಅಂತ. ಸೌತ್‌ವೆಸ್ಟ್ ನೋಡಿ. ಅಗ್ಗದ ಟಿಕೆಟ್ಟಿಗೇ ಹೆಸರಾದ ಕಂಪನಿ. ಉಪಗುತ್ತಿಗೆ ಇಲ್ಲ, ಅದರ ವಿಮಾನ ಅದರ ಪೈಲಟ್‌ಗಳೇ ಓಡಿಸ್ತಾರೆ, ಇವತ್ತಿನ ತನಕ ಒಬ್ಬ ಪೈಲಟ್‌ಗೂ ಫರ್ಲೋ ಕೊಟ್ಟಿಲ್ಲ. ತೀರ ಸಣ್ಣ ಊರುಗಳಿಗೆ ಅದು ಹೋಗಲ್ಲ, ನಿಜ. ಆದರೆ ಸಣ್ಣ ವಿಮಾನ ಬೇಡ ಅಂತ ಯಾರು ಹೇಳಿದ್ರು? ನಿಮ್ಮ ಬಣ್ಣ ಬಳಿದ ಮೇಲೆ ನಿಮ್ಮದೇ ಸಾಲಿನ ಪೈಲಟ್ ಕೂರಿಸಿ ಅಂತ ತಾನೇ ಕೇಳ್ತಿರೋದು? ಅದು ಬಿಟ್ಟು, ಪರವಾನಗಿ ಕೊಟ್ಟದ್ದು ಸರ್ಕಾರ, ತಪಾಸಣೆ ಮಾಡಬೇಕಾದ್ದೂ ಸರ್ಕಾರ ಅಂತ ದೊಡ್ಡ ಕಂಪನಿಗಳು ಕೈ ತೊಳೆದುಕೊಂಡರೆ ಹೇಗೆ?

ಬಫಲೋದಲ್ಲಿ ಸತ್ತವರ ಮನೆಯವರು ವಾಷಿಂಗ್ಟನ್ನಿಗೆ ಅಲೆದೂ ಅಲೆದೂ 2010ರಲ್ಲಿ ಒಂದು ಕಾನೂನು ತರಿಸಿದ್ರು. ಅವರಿಗೆ ಕೈ ಮುಗೀಬೇಕು. ವಿಶ್ರಾಂತಿ ನಿಯಮ ಬಿಗಿಯಾಯ್ತು, ವಿಮಾನ ಯಾರು ಓಡಿಸ್ತಾರೆ ಅಂತ ಟಿಕೆಟ್ ಕೊಳ್ಳೋವಾಗಲೇ ತೋರಿಸಬೇಕು ಅಂತಾಯ್ತು, ಫಸ್ಟ್ ಆಫೀಸರಿಗೂ ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು ಅನ್ನೋ ನಿಯಮ 2013ರಲ್ಲಿ ಜಾರಿಗೆ ಬಂತು. ಆದರೆ ಆ ರಾತ್ರಿಯ ಕ್ಯಾಪ್ಟನ್‌ಗೆ 3,300 ಗಂಟೆ ಮೀರಿತ್ತು, ಆ ಹುಡುಗಿಗೆ 2,200 ಮೀರಿತ್ತು. ಗುತ್ತಿಗೆಯ ಲೆಕ್ಕಾಚಾರವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಆಮೇಲೆ ಸಣ್ಣ ಕಂಪನಿಗಳು ಪೈಲಟ್ ಸಿಗ್ತಿಲ್ಲ, 1,500 ಗಂಟೆಯ ನಿಯಮವೇ ಕಾರಣ ಅಂತ ಗೊಣಗಿದವು. ಅಡಿಕೆ ಕೊಯ್ಯೋಕೆ ಆಳು ಸಿಗಲ್ಲ ಅನ್ನೋ ನಮ್ಮೂರ ಸಾಹುಕಾರರ ಹಾಗೆ, ಕೂಲಿ ಎಷ್ಟು ಅಂತ ಕೇಳಿದ್ರೆ ಮಾತು ಬದಲಾಯಿಸ್ತಿದ್ರು.

ಕೋಲ್ಗನ್ ಏರ್ 2012ರಲ್ಲಿ ಮುಚ್ಚಿಹೋಯ್ತು. ಕಾಂಟಿನೆಂಟಲ್ ಅದಕ್ಕೂ ಮೊದಲೇ ಯುನೈಟೆಡ್ ಜೊತೆ ಸೇರಿಕೊಂಡಿತ್ತು. ನೆವಾರ್ಕಿನಿಂದ ಬಫಲೋಗೆ ಯುನೈಟೆಡ್ ಎಕ್ಸ್‌ಪ್ರೆಸ್ ಈಗಲೂ ಹಾರ್ತಿದೆ. ಓಡಿಸೋರು ಬೇರೊಬ್ಬ ಉಪಗುತ್ತಿಗೆಯೋರು.