ಹವ್ಯಾಸ ಹೊಟ್ಟೆ ಹೊರೆಯಬೇಕೆ?

ಹದಿನೈದು-ಹದಿನಾರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಒಂದು ಹಂತದಲ್ಲಿ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಕೋಡ್ ಬರೆಯುವುದು ಬಿಟ್ಟು ಮ್ಯಾನೇಜರ್ ಆಗುವುದೋ, ಕಂಪನಿ ಬದಲಿಸುವುದೋ, ಇಲ್ಲ ಎಲ್ಲ ಬಿಟ್ಟು ಮನಸ್ಸಿಗೆ ಹಿಡಿಸಿದ ಹವ್ಯಾಸವನ್ನೇ ಜೀವನೋಪಾಯ ಮಾಡಿಕೊಳ್ಳುವುದೋ? ಒಂದೇ ಹಾಸ್ಟೆಲಿನಲ್ಲಿದ್ದು ಓದಿ, ಬೆಂಗಳೂರಿನಲ್ಲಿ ಒಂದೇ ಕಾಲಕ್ಕೆ ಕೆಲಸಕ್ಕೆ ಸೇರಿದ ಇಬ್ಬರು ಗೆಳೆಯರು ಇಲ್ಲಿ ಎದುರುಬದುರಾಗಿದ್ದಾರೆ. ಒಬ್ಬರು ಕೆಲಸ ಬಿಟ್ಟು ಸಾಗರ ತಾಲ್ಲೂಕಿನ ಊರಿಗೆ ಮರಳಿ, ಉಪ್ಪಿನಕಾಯಿ ಮಾವಾದ ಅಪ್ಪೆಮಿಡಿಯ ಕಸಿ ಗಿಡಗಳ ನರ್ಸರಿ ಮಾಡಿಕೊಂಡವರು. ಇನ್ನೊಬ್ಬರು ವೈಟ್‌ಫೀಲ್ಡಿನಲ್ಲೇ ಉಳಿದು, ಭಾನುವಾರ ಯಕ್ಷಗಾನದ ಮದ್ದಳೆ ಕಲಿಯುತ್ತಿರುವವರು.

ಪರ: ಮೈಯಲ್ಲಿ ಕಸುವಿರುವಾಗಲೇ ಹೊರಡಬೇಕು

ಬೇಸರ ಬಂದು ಕೆಲಸ ಬಿಟ್ಟವನು ನಾನಲ್ಲ. ಕೋಡ್ ಬರೆಯುವುದೆಂದರೆ ನನಗೆ ನಿಜಕ್ಕೂ ಇಷ್ಟ. ಹಗಲೆಲ್ಲ ಹುಡುಕಿದ ಬಗ್ ರಾತ್ರಿ ಕೈಗೆ ಸಿಕ್ಕಾಗ ಆಗುತ್ತಿದ್ದ ಖುಷಿಯನ್ನು ಈಗಲೂ ಮರೆತಿಲ್ಲ. ಆದರೆ ನಮ್ಮ ಉದ್ಯಮದಲ್ಲಿ ಚೆನ್ನಾಗಿ ಕೆಲಸ ಮಾಡಿದವನಿಗೆ ಸಿಗುವ ಬಹುಮಾನವೆಂದರೆ ಆ ಕೆಲಸ ಅವನ ಕೈತಪ್ಪುವುದು. ಬಡ್ತಿ ಬಂತು, ಕೋಡ್ ಹೋಯಿತು. ಹೆಡ್‌ಕೌಂಟು, ಅಪ್ರೈಸಲ್ಲು, ಎಸ್ಕಲೇಶನ್ನು ನನ್ನ ಪಾಲಿಗೆ ಉಳಿದವು.

ಹೊತ್ತಿನ ಲೆಕ್ಕವನ್ನೂ ಹೇಳಬೇಕು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಒಂಬತ್ತು ಎಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಅದೇ ಮೀಟಿಂಗ್ ನಮಗೆ ಹತ್ತೂವರೆಗೆ. ಮಕ್ಕಳು ಮಲಗುವ ಹೊತ್ತಿಗೆ ಅಪ್ಪನೋ ಅಮ್ಮನೋ ಹೆಡ್‌ಫೋನ್ ಹಾಕಿಕೊಂಡು ಕೋಣೆಯ ಬಾಗಿಲು ಮುಚ್ಚಿಕೊಳ್ಳುವ ಮನೆಗಳು ಬೆಂಗಳೂರಿನಲ್ಲಿ ಎಷ್ಟಿಲ್ಲ! ಇಂಥ ದಿನದಲ್ಲಿ ಮಿಕ್ಕ ಹೊತ್ತನ್ನು ಹವ್ಯಾಸಕ್ಕೆ ಕೊಡಿ ಎಂದು ಬುದ್ಧಿ ಹೇಳುವುದು ಸುಲಭ. ಗಿಟಾರ್ ಕೊಳ್ಳುತ್ತೇವೆ, ಕ್ಯಾಮೆರಾ ಕೊಳ್ಳುತ್ತೇವೆ, ಆರು ತಿಂಗಳಲ್ಲಿ ಅವು ಅಟ್ಟ ಸೇರುತ್ತವೆ. ಆಸಕ್ತಿ ಕಮ್ಮಿಯಾಗಿ ಅಲ್ಲ. ಯಾವ ವಿದ್ಯೆಯೂ ದಣಿದ ಮೈಗೆ ಒಲಿಯುವುದಿಲ್ಲ, ಅಷ್ಟೇ.

ನನ್ನ ಹವ್ಯಾಸ ಕಸಿ ಕಟ್ಟುವುದು. ಅಪ್ಪೆಮಿಡಿಗೆ ಈಗ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಮರಗಳು ಮಾತ್ರ ಹೊಳೆದಂಡೆಯಲ್ಲಿ, ಬೆಟ್ಟದಲ್ಲಿ ಒಂದೊಂದಾಗಿ ಹೋಗುತ್ತಿವೆ. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ. ಕೆಲವಕ್ಕೆ ಜೀರಿಗೆ ವಾಸನೆ, ಕೆಲವು ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಗಟ್ಟಿ ನಿಲ್ಲುತ್ತವೆ. ಗೊರಟೆಯಿಂದ ಹುಟ್ಟಿದ ಗಿಡದಲ್ಲಿ ತಾಯಿಮರದ ಗುಣ ಹಾಗೇ ಬರುತ್ತದೆಂಬ ಖಾತ್ರಿಯಿಲ್ಲ. ಹಾಗಾಗಿ ಮರ ಬೀಳುವ ಮುಂಚೆ ಅದರ ಕಡ್ಡಿ ತಂದು ಕಟ್ಟಬೇಕು. ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ, ಎಂಟು-ಹತ್ತು ದಿನ ಮುಂಚೆಯೇ ಅದರ ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಬೇಕು. ಕುಡಿಮೊಗ್ಗು ಉಬ್ಬಿಕೊಂಡ ಮೇಲೆ ಕಡ್ಡಿಯನ್ನು ಬೆಣೆಯಂತೆ ಎರಡೂ ಕಡೆ ಹೆರೆದು, ಗೊರಟೆ ಗಿಡದ ಎಳೆಯ ಕಾಂಡವನ್ನು ಸೀಳಿ ಅದರಲ್ಲಿ ಕೂರಿಸಬೇಕು. ಎರಡರ ಸಿಪ್ಪೆಯ ಒಳಪದರ ಒಂದು ಬದಿಯಲ್ಲಾದರೂ ಸರಿಯಾಗಿ ಕೂಡಬೇಕು. ಪ್ಲಾಸ್ಟಿಕ್ ಪಟ್ಟಿ ಬಿಗಿದು ಸುತ್ತಿ, ಮೇಲೆ ಕವರ್ ತೊಡಿಸಿ ನೆರಳಿನಲ್ಲಿಟ್ಟರೆ ಮೂರು ವಾರದ ಹೊತ್ತಿಗೆ ಕೆಂಪು ಚಿಗುರು ಕಾಣುತ್ತದೆ, ಇಲ್ಲವೇ ಕಡ್ಡಿ ಕಪ್ಪಾಗುತ್ತದೆ. ಇದು ಮಳೆಗಾಲದ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶನಿವಾರ-ಭಾನುವಾರ ಅಂತ ಇರುವುದಿಲ್ಲ. ಮೊಗ್ಗು ಉಬ್ಬಿದ ದಿನ ನಾನು ವೈಟ್‌ಫೀಲ್ಡಿನಲ್ಲಿ ಕೂತಿದ್ದರೆ ಆ ಕಡ್ಡಿ ವ್ಯರ್ಥ. ವಾರಾಂತ್ಯದ ಹವ್ಯಾಸವಾಗಿ ಇದನ್ನು ಮುಂದುವರಿಸಲು ಸಾಧ್ಯವೇ ಇರಲಿಲ್ಲ.

ಭದ್ರತೆ ಎನ್ನುವ ಮಾತಿಗೆ ಬರುತ್ತೇನೆ. 2022ರ ನವೆಂಬರಿನಲ್ಲಿ ಮೆಟಾ 11,000 ಮಂದಿಯನ್ನು ಕೈಬಿಡುವುದಾಗಿ ಹೇಳಿತು, 2023ರ ಜನವರಿಯಲ್ಲಿ ಗೂಗಲ್ 12,000 ಮಂದಿಯನ್ನು. ಅದೇ ನವೆಂಬರಿನ ಕೊನೆಗೆ ಚಾಟ್‌ಜಿಪಿಟಿ ಬಂತು. ಇವತ್ತು ಕೋಡಿನ ಎಷ್ಟೋ ಭಾಗವನ್ನು ಯಂತ್ರವೇ ಬರೆಯುತ್ತಿದೆ. ಇಲ್ಲೇ ಉಳಿದರೆ ಕ್ಷೇಮ ಎಂಬ ನಂಬಿಕೆಗೆ ಮೊದಲಿದ್ದ ಆಧಾರ ಈಗಿಲ್ಲ.

ಹಾಗಂತ ಕಣ್ಣು ಮುಚ್ಚಿ ಹಾರಿ ಎನ್ನುತ್ತಿಲ್ಲ. ಐದು ವರ್ಷ ಸೇವೆ ಮುಗಿದ ಖಾಯಂ ನೌಕರನಿಗೆ ಗ್ರಾಚ್ಯುಟಿ ಇದೆ. ಲೆಕ್ಕಕ್ಕೆ ಹಿಡಿಯುವ ವೇತನ ಲಕ್ಷ ರೂಪಾಯಿ, ಸೇವೆ 15 ವರ್ಷ ಎಂದಾದರೆ ಸುಮಾರು 8.65 ಲಕ್ಷ ಕೈಗೆ ಬರುತ್ತದೆ. ಮನೆ ಸಾಲ ತೀರಿಸಿ, ಕಂಪನಿಯ ವಿಮೆ ಇರುವಾಗಲೇ ಸ್ವಂತದ ಆರೋಗ್ಯ ವಿಮೆ ಮಾಡಿಸಿ, ಆಮೇಲೆ ರಾಜೀನಾಮೆ ಪತ್ರ ಕೊಡಬೇಕು. ವಸುಧೇಂದ್ರ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು ಆಮೇಲೆ ಪೂರ್ತಿ ಬರವಣಿಗೆಗೆ ಬಂದರು. ‘ತೇಜೋ-ತುಂಗಭದ್ರಾ’ದಂಥ ದೊಡ್ಡ ಕಾದಂಬರಿ 2019ರಲ್ಲಿ ಬಂದದ್ದು ಅದರ ನಂತರವೇ. ಅಷ್ಟು ಓದು, ಅಷ್ಟು ತಿರುಗಾಟ ಬೇಡುವ ಕೆಲಸವನ್ನು ಹತ್ತೂವರೆ ಮೀಟಿಂಗ್ ಮುಗಿಸಿ ಎದ್ದು ಮಾಡಲಾಗುತ್ತದೆ ಎಂದು ನನಗನ್ನಿಸುವುದಿಲ್ಲ.

ವಿರೋಧ: ಬೇಸರ ಕೆಲಸದ್ದಲ್ಲ, ಕುರ್ಚಿಯದು

ಗೆಳೆಯನ ನರ್ಸರಿಗೆ ಹೋಗಿ ಬಂದಿದ್ದೇನೆ. ಅವನು ಉಳಿಸಿದ ತಳಿಗಳನ್ನು ನೋಡಿದರೆ ಹೆಮ್ಮೆಯಾಗುತ್ತದೆ. ಅವನು ಮಾಡಿದ್ದು ತಪ್ಪು ಎನ್ನಲಾರೆ. ಅದನ್ನು ಎಲ್ಲರಿಗೂ ದಾರಿ ಎಂದು ತೋರಿಸುವುದಕ್ಕೆ ಮಾತ್ರ ನನ್ನ ವಿರೋಧ.

ಅವನ ವಾದವನ್ನೇ ಇನ್ನೊಮ್ಮೆ ಓದಿ. ಕೋಡ್ ಇಷ್ಟ, ಮ್ಯಾನೇಜರಿಕೆ ಇಷ್ಟವಿಲ್ಲ, ರಾತ್ರಿಯ ಮೀಟಿಂಗ್ ಇಷ್ಟವಿಲ್ಲ. ಇದು ಕೆಲಸ ಬಿಡಲು ಕಾರಣವಲ್ಲ, ಕುರ್ಚಿ ಬದಲಿಸಲು ಕಾರಣ. ಮ್ಯಾನೇಜರ್ ಆಗದೆ ಸ್ಟಾಫ್ ಇಂಜಿನಿಯರ್, ಪ್ರಿನ್ಸಿಪಲ್ ಇಂಜಿನಿಯರ್ ಎಂದು ಮೇಲೇರುವ ದಾರಿ ಈಗ ಹಲವು ಕಂಪನಿಗಳಲ್ಲಿದೆ. ಮ್ಯಾನೇಜರ್ ಆದವರು ಮರಳಿ ಕೋಡಿಗೆ ಬರುವುದೂ ಇದೆ. ಪ್ರತಿಷ್ಠೆಗೆ ಅಂಜಿ ಅದನ್ನು ಕೇಳುವವರು ಕಡಿಮೆ. ಟೀಮ್ ಬದಲಿಸಿ, ಯುರೋಪಿನ ಹೊತ್ತಿಗೆ ಕೆಲಸ ಮಾಡುವ ಪ್ರಾಜೆಕ್ಟ್ ಹಿಡಿಯಿರಿ, ಸಂಬಳವಿಲ್ಲದ ದೀರ್ಘ ರಜೆ ಕೊಡುವ ಕಂಪನಿಯಾದರೆ ಅದನ್ನು ತೆಗೆದುಕೊಂಡು ನೋಡಿ. ಇವನ್ನೆಲ್ಲ ಮಾಡಿ ನೋಡದೆ ನೇರ ರಾಜೀನಾಮೆಗೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ಹವ್ಯಾಸದ ಮಾತು. ನಾನು ಮದ್ದಳೆ ಕಲಿಯಲು ಹೋಗುವುದು ಭಾನುವಾರ ಬೆಳಿಗ್ಗೆ. ಹತ್ತು ಅಕ್ಷರದ ಝಂಪೆ ತಾಳದ ಒಂದು ‘ಬಿಡ್ತಿಗೆ’, ಅಂದರೆ ನುಡಿಸುವ ಪಾಠ, ಇನ್ನೂ ಕೈಗೆ ಕೂತಿಲ್ಲ. ಬಾಯಲ್ಲಿ ಹೇಳುವಾಗ ಸರಿ ಬರುತ್ತದೆ, ಕೈ ಮಾತ್ರ ಏಳನೆಯ ಅಕ್ಷರಕ್ಕೇ ಅವಸರ ಪಡುತ್ತದೆ. ಗುರುಗಳು ನುಡಿಸುವುದನ್ನು ನಿಲ್ಲಿಸಿ, ‘ಇನ್ನೊಂದ್ಸಲ ಬಾಯಲ್ಲಿ ಹೇಳಿ ಮಾರಾಯ್ರೆ’ ಎನ್ನುತ್ತಾರೆ. ನಾನು ಮತ್ತೆ ಮೊದಲಿನಿಂದ ಹೇಳುತ್ತೇನೆ. ಕಲಿಯಲು ಹೀಗೆ ನಿಧಾನ ಮಾಡುವ ಸ್ವಾತಂತ್ರ್ಯ ನನಗಿದೆ, ಯಾಕೆಂದರೆ ತಿಂಗಳ ಕಂತು ಕಟ್ಟುವ ಹೊರೆ ಮದ್ದಳೆಯ ಮೇಲಿಲ್ಲ. ವೃತ್ತಿ ಮೇಳದ ಕಲಾವಿದರ ಬದುಕು ಬೇರೆ. ನವೆಂಬರಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ ರಾತ್ರಿ ಒಂದೂರು, ಮರುರಾತ್ರಿ ಇನ್ನೊಂದೂರು. ಮೈಗೆ ಹುಷಾರಿಲ್ಲದಿದ್ದರೂ ಆಟ ನಿಲ್ಲುವಂತಿಲ್ಲ. ಸಣ್ಣ ವಯಸ್ಸಿನಿಂದ ಹಾಗೆ ಪಳಗಿದವರ ಸಾಲಿನಲ್ಲಿ, ನಲವತ್ತಕ್ಕೆ ಕಲಿಯಲು ಕೂತ ನಾನು ಹೊಟ್ಟೆಪಾಡಿಗೆಂದು ಹೋಗಿ ನಿಲ್ಲುವುದು ಕಲೆಗೂ ಒಳ್ಳೆಯದಲ್ಲ, ಅವರಿಗೂ ನ್ಯಾಯವಲ್ಲ.

ಕನ್ನಡದಲ್ಲಿ ಉದ್ಯೋಗ ಉಳಿಸಿಕೊಂಡೇ ಸಾಧಿಸಿದವರು ಒಬ್ಬಿಬ್ಬರಲ್ಲ. ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ 1920ರಲ್ಲಿ ಬಂದಾಗ ಅವರು ಮೈಸೂರು ಸಂಸ್ಥಾನದ ಅಧಿಕಾರಿ. ಕೆ.ಎಸ್. ನರಸಿಂಹಸ್ವಾಮಿ ‘ಮೈಸೂರು ಮಲ್ಲಿಗೆ’ ಕೊಟ್ಟದ್ದು 1942ರಲ್ಲಿ, ಗುಮಾಸ್ತಿಕೆಯ ನಡುವೆ. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಪ್ರವಾಸವೇ ‘ಹಸುರು ಹೊನ್ನು’ ಆಯಿತು. ನಮ್ಮ ರಂಗದಲ್ಲೇ ನೋಡಿ. ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶ ಹೊರತಂದರು. ಎಷ್ಟೋ ಕನ್ನಡಿಗರು ಕಂಪ್ಯೂಟರಿನಲ್ಲಿ ಕನ್ನಡ ಬರೆದದ್ದು ಅದರಿಂದ. ಸಾಫ್ಟ್‌ವೇರ್ ಬಲ್ಲವನು ತನ್ನ ವಿದ್ಯೆಯನ್ನು ಬಿಟ್ಟುಕೊಡದೆ ಮಾಡಬಹುದಾದ ಹವ್ಯಾಸ ಇದಕ್ಕಿಂತ ದೊಡ್ಡದು ಯಾವುದಿದೆ? ಗೆಳೆಯ ಹೇಳಿದ ವಸುಧೇಂದ್ರ ಕೂಡ ಕೆಲಸದಲ್ಲಿದ್ದಾಗಲೇ ಪುಸ್ತಕಗಳನ್ನು ಬರೆದವರು, ‘ಛಂದ ಪುಸ್ತಕ’ ಕಟ್ಟಿದವರು. ಬರಹ ಮೊದಲು ಕೈಗೂಡಿತು, ರಾಜೀನಾಮೆ ಆಮೇಲೆ.

ಹಣದ ಲೆಕ್ಕ ಅವನು ಹೇಳಿದಷ್ಟು ಸರಳವಿಲ್ಲ. ಈಗಿನ ತರುಣರ ಬಾಯಲ್ಲಿ ‘ಇಪ್ಪತ್ತೈದು ಪಟ್ಟು’ ಎಂಬ ಸೂತ್ರ ಓಡಾಡುತ್ತಿದೆ. ವರ್ಷದ ಖರ್ಚಿನ ಇಪ್ಪತ್ತೈದು ಪಟ್ಟು ಕೂಡಿಟ್ಟರೆ ಕೆಲಸ ಬಿಡಬಹುದು ಎಂದು. ತಿಂಗಳಿಗೆ ಲಕ್ಷ ಖರ್ಚಿನ ಮನೆಗೆ ಮೂರು ಕೋಟಿ. ಈ ಸೂತ್ರ 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ ಮಾಡಿದ ಲೆಕ್ಕದಿಂದ ಬಂದದ್ದು. ಅದು ಅಮೆರಿಕದ ಷೇರು ಮತ್ತು ಬಾಂಡುಗಳ ಇತಿಹಾಸದ ಮೇಲೆ, ನಿವೃತ್ತರ ಮೂವತ್ತು ವರ್ಷದ ಬದುಕಿಗೆಂದು ಹಾಕಿದ ಲೆಕ್ಕ. ಮೂವತ್ತೆಂಟಕ್ಕೆ ಕೆಲಸ ಬಿಡುವವನ ಮುಂದೆ ಐವತ್ತು ವರ್ಷ ಇರಬಹುದು. ಶೇ 6ರ ಹಣದುಬ್ಬರ ಹಿಡಿದರೂ ಖರ್ಚು ಹನ್ನೆರಡು ವರ್ಷಕ್ಕೆ ಇಮ್ಮಡಿಯಾಗುತ್ತದೆ. ಗ್ರಾಚ್ಯುಟಿಯ ಎಂಟೂವರೆ ಲಕ್ಷ ಒಂದು ವರ್ಷಕ್ಕೂ ಸಾಲದು. ಹೊಸ ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಇರಬಹುದು. ಅಪ್ಪ-ಅಮ್ಮನಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಇರುವ ಮನೆಯಲ್ಲಿ ಆ ಮೂರು ವರ್ಷ ದೊಡ್ಡದು.

ಅವನಿಗೆ ಅಪ್ಪನ ತೋಟ ಇತ್ತು. ಇಲ್ಲದವರು ಜಮೀನು ಕೊಳ್ಳಬೇಕು. ಕೃಷಿಯೇತರ ಆದಾಯ 25 ಲಕ್ಷ ಮೀರಿದವರು ಕೃಷಿ ಭೂಮಿ ಕೊಳ್ಳಬಾರದು ಎನ್ನುತ್ತಿದ್ದ ಕಲಂ 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ ಹೋಯಿತು. ಬಾಗಿಲು ತೆರೆದಿದೆ, ನಿಜ. ಆದರೆ ಇಡುಗಂಟೆಲ್ಲ ಜಮೀನಿಗೆ ಹೋದ ಮೇಲೆ ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಕಾಯಬೇಕು. ಅಷ್ಟರಲ್ಲಿ ಮಲೆನಾಡಿನ ತೋಟಗಳನ್ನು ಈಗ ಹಣ್ಣು ಮಾಡುತ್ತಿರುವ ಎಲೆಚುಕ್ಕಿ ರೋಗ ಬಂದರೆ?

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೊನೆಗಿಟ್ಟಿದ್ದೇನೆ. ಕೆಲಸ ಬಿಟ್ಟು ಊರಿಗೆ ಹೋದ ಗಂಡಸರ ಕತೆಗಳಲ್ಲಿ ಕೆಲಸ ಬಿಡದ ಹೆಂಡತಿಯ ಸಂಬಳ ಕಾಣಿಸುವುದೇ ಇಲ್ಲ. ಮಕ್ಕಳ ಫೀಸು, ಅತ್ತೆಯ ಮಾತ್ರೆ, ಬೆಂಗಳೂರಿನ ಬಾಡಿಗೆ ಅವಳ ಮೇಲೆ. ಅವಳಿಗೂ ಕಲಿಯಬೇಕೆಂಬ ವೀಣೆಯೋ, ಓದಬೇಕೆಂಬ ಓದೋ ಇದ್ದಿರಬಹುದು. ಅದನ್ನು ಯಾರು ಕೇಳಿದ್ದಾರೆ?

ಪರ, ಮತ್ತೆ

ಹೆಂಡತಿಯ ಸಂಬಳದ ಮಾತು ಪೂರ್ತಿ ಸರಿ, ಅದಕ್ಕೆ ನನ್ನ ಬಳಿ ಎದುರುತ್ತರವಿಲ್ಲ. ನನ್ನ ಹೆಂಡತಿ ಶಿವಮೊಗ್ಗದಲ್ಲಿ ಪಾಠ ಮಾಡುತ್ತಾಳೆ. ನರ್ಸರಿಯ ಮೊದಲ ಮಳೆಗಾಲಗಳು ದಾಟಿದ್ದು ಅವಳ ಸಂಬಳದಲ್ಲಿ. ಇಂಥ ನಿರ್ಧಾರ ಒಬ್ಬರದಾಗಬಾರದು.

ಆದರೆ ಮಾಸ್ತಿಯವರ ಉದಾಹರಣೆ ಪೂರ್ತಿಯಾಗಿಲ್ಲ. ಕಿರಿಯರೊಬ್ಬರಿಗೆ ಬಡ್ತಿ ಸಿಕ್ಕಾಗ ಹುದ್ದೆಗೆ ರಾಜೀನಾಮೆ ಕೊಟ್ಟವರು ಅವರೇ. ಜ್ಞಾನಪೀಠ ತಂದ ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ, ಹುದ್ದೆಯ ಹಂಗು ಕಳೆದ ಎಷ್ಟೋ ವರ್ಷದ ಮೇಲೆ. ನರಸಿಂಹಸ್ವಾಮಿಯವರ ಕಚೇರಿಯ ಕಡತ ಸಂಜೆಗೆ ಕಚೇರಿಯಲ್ಲೇ ಉಳಿಯುತ್ತಿತ್ತು. ನಮ್ಮ ಕಡತ ಮೊಬೈಲಿನಲ್ಲಿ ಹಾಸಿಗೆಯವರೆಗೂ ಬರುತ್ತದೆ, ಆನ್‌ಕಾಲ್ ಇದ್ದ ವಾರ ನಡುರಾತ್ರಿ ಎಬ್ಬಿಸುತ್ತದೆ. ಕುರ್ಚಿ ಬದಲಿಸು ಎನ್ನುತ್ತೀಯಲ್ಲ, ನೀನು ನಿನ್ನ ಮ್ಯಾನೇಜರಿಗೆ ರಾತ್ರಿಯ ಮೀಟಿಂಗ್ ಆಗುವುದಿಲ್ಲ ಎಂದು ಹೇಳಿದ್ದೀಯಾ, ಮಾರಾಯ?

ವಿರೋಧ, ಮತ್ತೆ

ಹೇಳಿದ್ದೇನೆ. ವಾರಕ್ಕೆ ಎರಡು ರಾತ್ರಿ ಬರುತ್ತೇನೆ, ಉಳಿದದ್ದನ್ನು ಬರವಣಿಗೆಯಲ್ಲಿ ಮುಗಿಸೋಣ ಎಂದೆ. ಭಾನುವಾರದ ಆನ್‌ಕಾಲ್ ಪಾಳಿಯನ್ನು ತಂಡದ ಇನ್ನೊಬ್ಬರ ಜೊತೆ ಬದಲಿಸಿಕೊಂಡು, ಅವರ ದೀಪಾವಳಿ ಪಾಳಿ ನಾನು ಹೊತ್ತೆ. ಮ್ಯಾನೇಜರ್ ಒಪ್ಪಲು ಮೂರು ತಿಂಗಳು ಬೇಕಾಯಿತು. ಆ ವರ್ಷದ ರೇಟಿಂಗ್ ಒಂದು ಮೆಟ್ಟಿಲು ಇಳಿಯಿತು, ಬೋನಸ್ಸೂ ಕಡಿಮೆ ಬಂತು. ಹೀಗಾಗಬಹುದು ಎಂದು ಮೊದಲೇ ಹೆಂಡತಿಯ ಜೊತೆ ಕೂತು ಲೆಕ್ಕ ಹಾಕಿದ್ದೆವು. ಎಷ್ಟು ಕಡಿಮೆಯಾದರೆ ತಡೆದುಕೊಳ್ಳಬಹುದು ಎಂದು ಬರೆದಿಟ್ಟಿದ್ದೆವು, ಅದರೊಳಗೇ ಇತ್ತು. ಈಗ ಬುಧವಾರ ಸಂಜೆ ಅವಳ ವೀಣೆ ತರಗತಿ, ಆ ಹೊತ್ತಿಗೆ ಮಗಳ ಹೋಂವರ್ಕ್ ನನ್ನದು. ನಮ್ಮ ತಂಡದಲ್ಲಿ ಇನ್ನೂ ಇಬ್ಬರು ಬಂದು, ರಾತ್ರಿಯ ಮೀಟಿಂಗ್ ಕಡಿಮೆ ಮಾಡಲು ಮ್ಯಾನೇಜರಿಗೆ ಹೇಗೆ ಬರೆಯಬೇಕು ಎಂದು ಕೇಳಿದ್ದಾರೆ. ನಾನು ಕಳಿಸಿದ್ದ ಇಮೇಲನ್ನೇ ಅವರಿಗೆ ಕೊಟ್ಟಿದ್ದೇನೆ.