ಮದ್ದಿನ ಬೆಲೆ ಬರೆದ ಲೇಖನಿ

ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ವೈದ್ಯರ ಹೆಸರು ಎಲ್ಲರ ನಾಲಗೆಯ ಮೇಲೂ ಇರುತ್ತದೆ; ಮದ್ದಿನ ಬೆಲೆಗೆ ಕಾರಣರಾದವರ ಹೆಸರನ್ನು ಯಾರೂ ಕೇಳುವುದಿಲ್ಲ. ಅಂಥವರಲ್ಲೊಬ್ಬರು ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರು.

1911ರ ಕಾನೂನಿನಂತೆ, ಪೇಟೆಂಟು ಪಡೆದ ಔಷಧವನ್ನು ಒಡೆಯನ ಅಪ್ಪಣೆಯಿಲ್ಲದೆ ಇನ್ನೊಬ್ಬರು ತಯಾರಿಸುವಂತಿರಲಿಲ್ಲ. ಒಡೆತನವೋ ಬಹುಮಟ್ಟಿಗೆ ವಿದೇಶೀಯರದು. ಅವರು ಹೇಳಿದ್ದೇ ಬೆಲೆ. ಸರ್ಕಾರದ ಕೋರಿಕೆಯಂತೆ ಆ ಕಾನೂನನ್ನು ಪರಿಶೀಲಿಸಿ ಅಯ್ಯಂಗಾರರು 1959ರಲ್ಲಿ ವರದಿಯನ್ನೊಪ್ಪಿಸಿದರು. ಅದರ ತಿರುಳಿಷ್ಟು: ಔಷಧಕ್ಕೆ ಪೇಟೆಂಟು ಬೇಡ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇರಲಿ. ಒಬ್ಬಾಕೆ ಸಾರು ಮಾಡುವ ಬಗೆ ಆಕೆಯದೇ ಆಗಿರಬಹುದು. ಸಾರೇ ಆಕೆಯದೆಂದರೆ ನೆರೆಮನೆಯವರು ಅನ್ನಕ್ಕೆ ಏನನ್ನು ಕಲಸಿಕೊಳ್ಳಬೇಕು?

ವರದಿ ಕಾನೂನಾಗುವುದಕ್ಕೆ 11 ವರ್ಷ ಹಿಡಿಯಿತು. 1970ರ ಕಾಯಿದೆ 1972ರಲ್ಲಿ ಜಾರಿಗೆ ಬಂದ ಮೇಲೆ ದೇಶದ ಕಾರ್ಖಾನೆಗಳು ಬೇರೆ ವಿಧಾನಗಳಿಂದ ಅದೇ ಔಷಧಗಳನ್ನು ತಯಾರಿಸಿ ಅಗ್ಗವಾಗಿ ಮಾರಿದವು. ಆ ವಿದ್ಯೆಯ ಫಲ ಕಡಲಾಚೆಗೂ ಹರಿಯಿತು. ವರ್ಷಕ್ಕೆ 10,000 ಡಾಲರು ಮೀರಿದ್ದ ಏಡ್ಸ್ ಔಷಧವನ್ನು 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿಯು ಒಂದು ಸೇವಾಸಂಸ್ಥೆಗೆ 350 ಡಾಲರಿಗೆ ಕೊಡಲು ಮುಂದಾಯಿತು.

ಹೊಸ ಮದ್ದನ್ನು ಕಂಡುಹಿಡಿದವನಿಗೆ ಪ್ರತಿಫಲ ಬೇಡವೇ ಎಂಬ ಪ್ರಶ್ನೆಯೂ ಹುರುಳಿಲ್ಲದ್ದಲ್ಲ. ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದಕ್ಕೆ ಕಟ್ಟುಬಿದ್ದು 2005ರಲ್ಲಿ ಭಾರತವು ಔಷಧಕ್ಕೇ ಪೇಟೆಂಟು ಕೊಡುವ ಪದ್ಧತಿಗೆ ಮರಳಿತು. ಆದರೆ ಗುಣವನ್ನು ಹೆಚ್ಚಿಸದೆ ಹಳೆಯ ಮದ್ದಿನ ರೂಪವನ್ನಷ್ಟೇ ಬದಲಿಸಿದವರಿಗೆ ಹೊಸ ಹಕ್ಕಿಲ್ಲವೆಂಬ ತಡೆಯನ್ನೂ ಇಟ್ಟಿತು.

ಸರ್ಕಾರಿ ವರದಿಗಳು ಗೆದ್ದಲಿಗೆ ಆಹಾರವೆಂದು ನಗುವುದುಂಟು. ಗೆದ್ದಲು ಮುಟ್ಟದ ಒಂದು ವರದಿ ರೋಗಿಯ ತಲೆದಿಂಬಿನ ಬಳಿಗೆ ಬಂದಿತೆಂಬುದನ್ನು ನಗುವವರು ನೆನೆಯಬೇಕು.